ಆ ಪಿಂಕ್ ವೈರನ್ನು ಮೊದಲು ಹುಡುಕು, ಮಾರಾಯ

ಮಲ್ಪೆ, ಜೂನ್

ಪ್ರೀತಿಯ ಗೆಳೆಯಾ,

ಫೋಟೋಗಳೂ ಸಿಕ್ಕಿದವು, ನೀನು ಕಳಿಸಿದ ಹಳೇ ಫೋರ್ಡ್ ಕಾರು ಎಸ್ಕಾರ್ಟ್‌ನ ವೈರಿಂಗ್ ಡಯಾಗ್ರಾಮೂ ಸಿಕ್ಕಿತು. ಮಂಗಳೂರಿನ ಕೆಪಿಟಿ ಪಾಲಿಟೆಕ್ನಿಕ್ಕಿನಲ್ಲಿ ಕಲಿಯುವಾಗ ಲೋಟಸ್ ಸೆವೆನ್ ಅನ್ನುವ ಪುಟ್ಟ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಚಿತ್ರ ನೋಡಿ ಆಸೆ ಪಟ್ಟವನು ನೀನು. ಈಗ ಅಂಥದ್ದೇ ಕಿಟ್ ಕಾರು (ಬಿಡಿಭಾಗ ತಂದು ನಾವೇ ಜೋಡಿಸುವ ಗಾಡಿ) ನಿನ್ನ ಇಂಗ್ಲೆಂಡಿನ ಮನೆಯ ಗ್ಯಾರೇಜಿನಲ್ಲಿ ನಿಂತಿದೆ. ತುಂಬಾ ಖುಷಿಯಾಯಿತು. ಇಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿವೆ, ನನಗೆ ಕೈತುಂಬ ರಿಪೇರಿ ಕೆಲಸ. ಆದರೂ ನಿನ್ನ ಪ್ರಶ್ನೆಗೆ ಎರಡು ಸಾಲಿನ ಮೆಸೇಜು ಸಾಲದು. ಇದೇ ಕೆಲಸಕ್ಕೆ ಕೈ ಹಾಕಿದವರು ಬೇರೆಯವರೂ ಇರಬಹುದು, ಹಾಗಾಗಿ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ಹಳೇ 1600 ಕ್ರಾಸ್‌ಫ್ಲೋ ಎಂಜಿನ್ ಇಳಿಸಿ ಫೋರ್ಡ್ ಸಿಯೆರಾ ಕಾರಿನ 2 ಲೀಟರ್ ಪಿಂಟೋ ಎಂಜಿನ್ ಕೂರಿಸಿದ್ದೀಯ. ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್ ಸರಿ ಇದೆ, ಆಕ್ಸಿಲರೇಟರ್ ಒತ್ತಿದರೆ ಮಿಸ್ಸಿಂಗ್. ನೀನು ಕಾರ್ಬ್ಯುರೇಟರ್ ಬಿಚ್ಚಲು ಹೊರಟಿದ್ದೀಯ. ಬೇಡ, ಸ್ವಲ್ಪ ತಡಿ. ನನಗೆ ಅನುಮಾನ ಇರುವುದು ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ಹೈ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ಗೆ ಹೋಗುವ ವೈರಿನ ಮೇಲೆ.

ಡಯಾಗ್ರಾಮ್‌ನಲ್ಲಿ ಕೀ ಸ್ವಿಚ್ಚಿನಿಂದ ಕಾಯಿಲ್‌ನ ಪ್ಲಸ್‌ಗೆ ಹೋಗುವ ಗೆರೆ ನೋಡು. ಪಿಂಕ್ ಮೇಲೆ ಬಿಳಿ ಗೆರೆ ಇರುವ ವೈರ್. ಅದು ಮಾಮೂಲಿ ತಾಮ್ರದ ವೈರ್ ಅಲ್ಲ. ಆ ವೈರೇ ಒಂದು ರೆಸಿಸ್ಟರ್, ಸುಮಾರು 1.5 ಓಮ್. ಪಾಯಿಂಟ್ (ಕಾಯಿಲ್ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್) ಇದ್ದ ಕಾಲದಲ್ಲಿ ಅದಕ್ಕೆ ಅರ್ಥ ಇತ್ತು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದಲ್ವಾ? ಅಷ್ಟು ಕಡಿಮೆಯಲ್ಲೂ ಒಳ್ಳೆ ಕಿಡಿ ಬರಲಿ ಅಂತ ಕಡಿಮೆ ವೋಲ್ಟಿನ ಕಾಯಿಲ್ ಹಾಕುತ್ತಿದ್ದರು. ಸ್ಟಾರ್ಟ್ ಮಾಡುವಾಗ ಮಾತ್ರ ಸೆಲ್ಫ್ ಮೋಟರಿಗೆ ಕರೆಂಟ್ ಕೊಡುವ ಸ್ವಿಚ್ಚು, ಅಂದರೆ ಸ್ಟಾರ್ಟರ್ ಸೊಲೆನಾಯ್ಡ್‌ನಿಂದ ಬೇರೆ ವೈರಿನಲ್ಲಿ ನೇರ ಕರೆಂಟ್. ಎಂಜಿನ್ ಓಡತೊಡಗಿದ ಮೇಲೆ ಈ ಪಿಂಕ್ ವೈರ್ ಮೂಲಕ ತಗ್ಗಿಸಿದ ಕರೆಂಟ್.

ಸಿಯೆರಾದಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟ್ ಇಲ್ಲ, ಆ ಕೆಲಸಕ್ಕೆ ಎಲೆಕ್ಟ್ರಾನಿಕ್ ಮಾಡ್ಯೂಲ್ ಇದೆ. ಅದಕ್ಕೂ ಅದರ ಕಾಯಿಲ್‌ಗೂ ಪೂರ್ತಿ 12 ವೋಲ್ಟ್ ಬೇಕು. ನಡುವೆ 1.5 ಓಮ್ ಉಳಿದರೆ, 4 ಆಂಪಿಯರ್ ಹರಿದರೂ 6 ವೋಲ್ಟ್ ದಾರಿಯಲ್ಲೇ ಹೋಯಿತು. ಐಡ್ಲಿಂಗ್‌ನಲ್ಲಿ ಹೇಗೋ ಸುಧಾರಿಸುತ್ತದೆ. ಲೋಡ್ ಬಿದ್ದಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಬಡಕಲು ಕಿಡಿ ಅಲ್ಲಿ ಹಾರುವುದಿಲ್ಲ.

ಮೀಟರ್ ಇಟ್ಟೆ, 12 ವೋಲ್ಟ್ ಬಂತು ಅಂತ ಬರೆದಿದ್ದೀಯ. ಕಾಯಿಲ್‌ನಿಂದ ವೈರ್ ಕಿತ್ತು ಅಳೆದಿರಬೇಕು. ಕರೆಂಟ್ ಹರಿಯದೆ ವೋಲ್ಟೇಜ್ ಬೀಳುವುದಿಲ್ಲ, ಹಾಗಾಗಿ ಖಾಲಿ ವೈರ್ ಯಾವಾಗಲೂ 12 ತೋರಿಸುತ್ತದೆ. ಆ ವೈರಿನ ತುದಿಗೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಕಟ್ಟು, ಇನ್ನೊಂದು ಕಾಲು ಬ್ಯಾಟರಿ ಮೈನಸ್‌ಗೆ. ಬಲ್ಬ್ ಉರಿಯುತ್ತಿರುವಾಗಲೇ ಅಳೆ. ಬ್ಯಾಟರಿಗಿಂತ 4 ವೋಲ್ಟಿನಷ್ಟು ಕಡಿಮೆ ಬಂದರೆ ರೆಸಿಸ್ಟರ್ ವೈರ್ ಇನ್ನೂ ಅಲ್ಲೇ ಇದೆ. ವೈರುಗಳ ಕಟ್ಟಿನೊಳಗೆ ಅಡಗಿರುತ್ತದೆ. ಹೊರಗೆ ಕಾಣುವ ತುದಿಗೆ ಯಾರೋ ಬಿಳಿ ವೈರ್ ಜೋಡಿಸಿರಲೂ ಸಾಕು, ಸುಮ್ನೆ ಬಣ್ಣ ನೋಡಿ ತೀರ್ಮಾನ ಮಾಡಬೇಡ.

ಅದನ್ನು ಕತ್ತರಿಸಿ ಗಿಡ್ಡ ಮಾಡುವ ಉಪಾಯವೂ ಬೇಡ. ಪೂರ್ತಿ ಬಿಟ್ಟುಬಿಡು. ಬದಲಿಗೆ ಒಂದು ರಿಲೇ ಹಾಕು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್; ಕೆಳಗಿನ ನಂಬರುಗಳು ಅದರ ಕಾಲುಗಳವು. ಬ್ಯಾಟರಿಯಿಂದ ಫ್ಯೂಸ್ ಮೂಲಕ ರಿಲೇಯ 30ಕ್ಕೆ, 87ರಿಂದ ಕಾಯಿಲ್ ಪ್ಲಸ್ ಮತ್ತು ಮಾಡ್ಯೂಲ್‌ಗೆ, 85 ಅರ್ತ್‌ಗೆ (ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ). 86ಕ್ಕೆ ಕೀ ಸ್ವಿಚ್ಚಿನ ವೈರ್, ಪಿಂಕ್ ಶುರುವಾಗುವುದಕ್ಕೆ ಮೊದಲೇ ತೆಗೆದದ್ದು. ಕೀ ಆನ್ ಇದ್ದಾಗಲೂ ಸೆಲ್ಫ್ ಹೊಡೆಯುವಾಗಲೂ ಎರಡರಲ್ಲೂ ಕರೆಂಟ್ ಇರುವ ವೈರ್ ಆಗಿರಬೇಕು. ರೇಡಿಯೋದ ವೈರ್ ತೆಗೆದುಕೊಂಡರೆ ಸೆಲ್ಫ್ ಹೊಡೆಯುವ ಹೊತ್ತಿಗೇ ಕಿಡಿ ಹೋಗಬಹುದು. ಸೊಲೆನಾಯ್ಡ್‌ನಿಂದ ಕಾಯಿಲ್‌ಗೆ ಬರುವ ಹಳೇ ವೈರ್ ಇನ್ನು ಬೇಡ, ತೆಗೆದುಬಿಡು.

ರಿಲೇ ಹಾಕಿದ ಮೇಲೆ ಒಂದು ವಿಚಿತ್ರ ಆಗಬಹುದು: ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ! ಚಾರ್ಜ್ ಲೈಟಿನ ಬಲ್ಬ್ ಮೂಲಕ ಆಲ್ಟರ್ನೇಟರ್ ಕರೆಂಟ್ ಹಿಂದೆ ಬಂದು ರಿಲೇಯನ್ನು ಹಿಡಿದಿಡುತ್ತದೆ. ಆ ಬಲ್ಬಿನ ವೈರಿಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡ್ ಹಾಕು, ಪಟ್ಟಿ ಇರುವ ಬದಿ ಆಲ್ಟರ್ನೇಟರ್ ಕಡೆಗೆ. ಚಿಲ್ಲರೆ ಬೆಲೆಯ ವಸ್ತು.

ಇನ್ನು ಅರ್ತ್. ಈ ವಿಷಯದಲ್ಲಿ ನಾನು ತುಂಬಾ ಹಟಮಾರಿ. ನಮ್ಮ ಬೋಟುಗಳದ್ದು ಡೀಸೆಲ್ ಎಂಜಿನ್, ಕಿಡಿಯ ಗೋಜಿಲ್ಲ. ಆದರೆ ಫೈಬರ್ ದೋಣಿಗೂ ನಿನ್ನ ಫೈಬರ್ ಮಡ್‌ಗಾರ್ಡಿಗೂ ಒಂದೇ ಕಾಯಿಲೆ: ಬಾಡಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಪ್ರತಿ ಲೈಟಿಗೂ ಕಪ್ಪು ವೈರ್ ಬೇರೆಯಾಗಿ ವಾಪಸ್ ಬರಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ನಿನ್ನ ಫೋಟೋದಲ್ಲಿ ಬ್ಲಾಕಿನಿಂದ ಷಾಸಿಗೆ ದಪ್ಪ ಅರ್ತ್ ಪಟ್ಟಿ ಕಾಣಲೇ ಇಲ್ಲ. ಅದಿಲ್ಲದಿದ್ದರೆ ಸ್ಟಾರ್ಟರ್‌ನ ಅಷ್ಟೂ ಕರೆಂಟ್ ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ ಹೋಗಲು ನೋಡುತ್ತದೆ. ಕೇಬಲ್ ಕಾದು ಕವರ್ ಕರಗಿ ಅಂಟಿಕೊಳ್ಳುತ್ತದೆ. ಓಡುವಾಗ ಹಾಗಾದರೆ ಅಪಾಯ, ತಮಾಷೆಯಲ್ಲ. ಷಾಸಿಯ ಪೇಂಟ್ ಹೊಳೆಯುವ ತನಕ ಕೆರೆದು, ಸ್ಟಾರ್ ವಾಷರ್ ಹಾಕಿ ಬಿಗಿ ಮಾಡು, ಮೇಲೆ ವ್ಯಾಸಲೀನ್ ಸವರು. ಮಾಡ್ಯೂಲ್‌ನ ಅಡಿಗೆ ಹೀಟ್ ಪೇಸ್ಟ್ ಮರೆಯಬೇಡ.

ವೈರ್ ಮಾತ್ರ ತವರ ಲೇಪಿಸಿದ್ದನ್ನೇ ತೆಗೆದುಕೋ. ಇಲ್ಲಿ ಉಪ್ಪುಗಾಳಿಗೆ ಬರೀ ತಾಮ್ರದ ವೈರ್ ಸುಲಿದರೆ ಒಳಗೆಲ್ಲ ಹಸಿರು ಪುಡಿ. ನಿನ್ನಲ್ಲಿ ಚಳಿಗಾಲಕ್ಕೆ ರಸ್ತೆಗೇ ಉಪ್ಪು ಹಾಕುತ್ತಾರಂತಲ್ಲ, ಬಾಗಿಲಿಲ್ಲದ ಗಾಡಿ ಬೇರೆ.

ಎಂಜಿನ್ ಬದಲಾದದ್ದನ್ನು ನಿಮ್ಮಲ್ಲಿನ ಆರ್‌ಟಿಒ ಥರದ ಇಲಾಖೆ ಡಿವಿಎಲ್‌ಎಗೆ ತಿಳಿಸಿದ್ದೀಯ ತಾನೇ? ನಂಬರೂ ಸಿಸಿಯೂ ಎರಡೂ ಬದಲಾಗಿದೆ.

ಮೊದಲು ಬಲ್ಬ್ ಕಟ್ಟಿ ಅಳೆದು ಎಷ್ಟು ಬಂತು ಅಂತ ಹೇಳು. ಅದು ಗೊತ್ತಾಗುವ ತನಕ ಕಾರ್ಬ್ಯುರೇಟರ್ ಮುಟ್ಟಬೇಡ. ನಿನ್ನ ಸಂಜೆ ಐದೂವರೆಗೆ ಇಲ್ಲಿ ರಾತ್ರಿ ಹತ್ತು, ನಾನು ಎದ್ದೇ ಇರುತ್ತೇನೆ, ಫೋನ್ ಮಾಡು.

ನಿನ್ನ ಗೆಳೆಯ