ಗಾರ್ಮೆಂಟ್ಸ್ ಲೈನಿನಲ್ಲಿ ಕೂಗಾಟ ನಿಲ್ಲಲಿ

ಮಾನ್ಯ ಸಂಪಾದಕರೇ,

ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ತಪ್ಪಿದೊಡನೆ ಸೂಪರ್‌ವೈಸರ್ ಟೈಲರ್ ಮೇಲೆ ರೇಗುವುದು ಮಾಮೂಲಾಗಿದೆ. ಕಾರಣ ಎಷ್ಟೋ ಸಲ ಬೇರೆಲ್ಲೋ ಇರುತ್ತದೆ: ಹಿಂದಿನ ಆಪರೇಷನ್‌ನಿಂದ (ಹೊಲಿಗೆಯ ಹಂತದಿಂದ) ಬಂಡಲ್, ಅಂದರೆ ಪೀಸುಗಳ ಕಟ್ಟು, ಬಂದಿರುವುದಿಲ್ಲ, ಸೂಜಿ ಮೊಂಡಾಗಿ ಹೊಲಿಗೆ ಬಿಡುತ್ತಿರುತ್ತದೆ, ಮೆಷಿನಿನಲ್ಲಿ ದಾರದ ಟೆನ್ಷನ್ ಬಿಗಿಯಾಗಿ ದಾರ ತುಂಡಾಗುತ್ತಿರುತ್ತದೆ. ಬೈಗುಳ ಬಿದ್ದ ಮೇಲೆ ಕೈ ನಡುಗಿ ಆಲ್ಟ್ರೇಷನ್ ಪೀಸುಗಳು (ಕೆಟ್ಟು ಮತ್ತೆ ಸರಿಪಡಿಸಬೇಕಾದವು) ಇನ್ನೂ ಹೆಚ್ಚುತ್ತವೆ; ಬಿಚ್ಚಿ ಹೊಲಿಯಲು ಹಿಡಿಯುವ ಹೊತ್ತೂ ಟಾರ್ಗೆಟ್ಟಿನಿಂದಲೇ ಹೋಗುತ್ತದೆ.

ಸಿಟ್ಟು ಏರಿದಾಗ ಸೂಪರ್‌ವೈಸರ್ ಮೊದಲು ಲೈನಿನ, ಅಂದರೆ ಮೆಷಿನ್ ಸಾಲಿನ, ಕೊನೆವರೆಗೆ ನಡೆದು ನೋಡಲಿ. ಬಂಡಲ್ ರಾಶಿ ಬಿದ್ದ ಮೆಷಿನ್ನೇ ಅಡಚಣೆಯ ಜಾಗ. ಅಲ್ಲಿ ನಿಂತು ತಗ್ಗಿದ ದನಿಯಲ್ಲಿ ‘ಏನು ತೊಂದರೆ ಅಮ್ಮಾ’ ಎಂದು ಕೇಳಿ, ಮೆಕ್ಯಾನಿಕ್ ಬೇಕೋ ಹೆಲ್ಪರ್ ಬೇಕೋ ತೀರ್ಮಾನಿಸಲಿ. ತಪ್ಪು ಟೈಲರ್‌ದೇ ಆದರೆ ಪಕ್ಕಕ್ಕೆ ಕರೆದು, ಕೆಟ್ಟ ಪೀಸನ್ನೇ ಹಿಡಿದು ತೋರಿಸಲಿ. ಎಲ್ಲರೆದುರು ಪೀಸು ಮುಖಕ್ಕೆ ಎಸೆಯುವುದಂತೂ ಅಕ್ಷಮ್ಯ.

ಬೈಸಿಕೊಂಡವರು ಅಲ್ಲೇ ಜಗಳಕ್ಕಿಳಿಯದೆ ದಿನಾಂಕ, ಗಂಟೆ, ಆಡಿದ ಮಾತು, ಪಕ್ಕದ ಮೆಷಿನಿನವರ ಹೆಸರು ಇವನ್ನು ಅದೇ ದಿನ ಬರೆದಿಡಬೇಕು. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಕಡ್ಡಾಯ; ಬರೆದಿಟ್ಟದ್ದನ್ನು ದೂರಾಗಿ ಅಲ್ಲಿಗೆ ಕೊಡಲಿ. ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳು ಆಡಳಿತದವರಷ್ಟೇ ಸಂಖ್ಯೆಯಲ್ಲಿರಬೇಕು. ಸದಸ್ಯರ ಹೆಸರುಗಳನ್ನು ಪ್ರತಿ ಫ್ಲೋರಿನಲ್ಲೂ ಕನ್ನಡದಲ್ಲಿ ಹಾಕುವಂತೆ ಕಾರ್ಮಿಕ ಇಲಾಖೆ ನೋಡಿಕೊಳ್ಳಲಿ.

– ಗಾರ್ಮೆಂಟ್ಸ್ ತರಬೇತುದಾರರು, ಬೆಂಗಳೂರು