ಆಚೆ ದಡದ ಹಂಪಿ

ಈ ಸಲದ ರಾಜ್ಯೋತ್ಸವದ ವೇದಿಕೆಗೆ ನಮ್ಮ ಸಂಘದವರು ಥರ್ಮಾಕೋಲಿನಲ್ಲಿ ಹಂಪಿಯ ಕಲ್ಲಿನ ರಥ ಕಟ್ಟಿದ್ದರು. ಅದರ ಒಂದು ಚಕ್ರ ನಾಡಗೀತೆ ಮುಗಿಯುವ ಮೊದಲೇ ಕಳಚಿ ಬಿತ್ತು, ಅದು ಬೇರೆ ಮಾತು. ಅಂದು ಊಟದ ಸಾಲಿನಲ್ಲಿ ಮೂವರು ನನ್ನನ್ನು ಕೇಳಿದರು: "ನೀವು ಗಂಗಾವತಿ ಕಡೆಯವರಲ್ಲವೇ? ರಜೆಯಲ್ಲಿ ಹಂಪಿಗೆ ಹೊರಟಿದ್ದೇವೆ. ಎಲ್ಲಿ ಉಳಿದುಕೊಳ್ಳುವುದು?" ಹತ್ತು ವರ್ಷದ ಹಿಂದಾಗಿದ್ದರೆ ಕಣ್ಣು ಮುಚ್ಚಿಕೊಂಡು ನದಿಯಾಚೆಯ 'ವಿರೂಪಾಪುರ ಗಡ್ಡಿ' ಎಂದುಬಿಡುತ್ತಿದ್ದೆ. ಈಗ ಬಾಯಿ ಬರಲಿಲ್ಲ.

ಹಂಪಿಯನ್ನು ನೀವು ನೋಡುವುದು ಹೊಸಪೇಟೆಯ ಕಡೆಯಿಂದ. ನಾವು ನೋಡುತ್ತ ಬೆಳೆದದ್ದು ತುಂಗಭದ್ರೆಯ ಆಚೆ ದಡದಿಂದ, ಆನೆಗೊಂದಿಯಿಂದ. ಅಪ್ಪನ ಜೊತೆ ಹಂಪಿ ಕಡೆಯ ತಳವಾರಘಟ್ಟಕ್ಕೆ ದಾಟುವಾಗ ಹರಿಗೋಲಿನೊಳಗೆ ನಮ್ಮ ಸೈಕಲ್ಲು, ಯಾರದೋ ಎರಡು ಆಡು, ಒಂದು ಗೊನೆ ಬಾಳೆ ಎಲ್ಲವೂ ಇರುತ್ತಿದ್ದವು. ನದಿ ತುಂಬಿದರೆ ಹರಿಗೋಲು ನಿಲ್ಲುತ್ತಿತ್ತು, ನಮ್ಮ ಪಯಣವೂ ನಿಲ್ಲುತ್ತಿತ್ತು. ಹಾಗಾಗಿ ಸೇತುವೆ ಬೇಕೆಂದು ಕೇಳಿದ್ದು ಅಲ್ಲಿನ ಜನರೇ. ಅದನ್ನು ಮರೆತು 'ಪರಂಪರೆಗೆ ಧಕ್ಕೆ' ಎಂದು ದೂರದಲ್ಲಿ ಕುಳಿತು ಬರೆಯುವುದು ಸುಲಭ. ನಾನೂ ಹಿಂದೊಮ್ಮೆ ಇದೇ ಪುಟದಲ್ಲಿ ಹಾಗೆ ಬರೆದವನೇ.

ಆದರೆ ಆ ಸೇತುವೆಗೆ ಆದದ್ದೇನು? ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಸೇತುವೆಯ ಕಂಬಗಳು ಎದ್ದು ನಿಂತ ಮೇಲೆ ಯುನೆಸ್ಕೋ ಹುಬ್ಬೇರಿಸಿತು, 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಕೆಲಸ ನಿಂತಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು, ಕೆಲಸ ಮತ್ತೆ ಶುರುವಾಯಿತು. 2009ರ ಜನವರಿಯಲ್ಲಿ, ಇನ್ನೇನು ಮುಗಿಯಬೇಕು ಎನ್ನುವಾಗ, ಸೇತುವೆ ಕೂಲಿಯವರ ಸಮೇತ ನದಿಗೆ ಕುಸಿಯಿತು. ಕೊನೆಗೆ ಬುಕ್ಕಸಾಗರ ಮತ್ತು ಕಡೆಬಾಗಿಲಿನ ನಡುವೆ, ಸ್ಮಾರಕಗಳಿಂದ ದೂರ ಸರಿದು, ಬೇರೆ ಸೇತುವೆ ಬಂತು. ಆ ಜಾಗ ಮೊದಲ ದಿನವೂ ಅಲ್ಲೇ ಇತ್ತಲ್ಲ!

ಗಡ್ಡಿಯ ಕತೆಯೂ ಇದೇ ಜಾಡಿನದು. ವಿರೂಪಾಕ್ಷ ಗುಡಿಯ ಎದುರು ದಡದಲ್ಲಿ ಭತ್ತ, ಬಾಳೆ ಬೆಳೆಯುತ್ತಿದ್ದ ಮಣ್ಣು ಅದು. ಮೊದಲು ವಿದೇಶಿಯರಿಗೆಂದು ನಾಲ್ಕು ಗುಡಿಸಲು ಎದ್ದವು. ಆಮೇಲೆ ಕಾಂಕ್ರೀಟು ಕೋಣೆ, ಹೀಬ್ರೂ ಬೋರ್ಡು, ಬಾಡಿಗೆ ಬೈಕು. ನಮ್ಮ ದೊಡ್ಡಪ್ಪನ ಮಗ ತನ್ನ ಒಂದೂವರೆ ಎಕರೆಯನ್ನು ಹೊರಗಿನವರೊಬ್ಬರಿಗೆ ಲೀಸಿಗೆ ಕೊಟ್ಟ. ಎರಡು ಬೆಳೆ ಭತ್ತ ತೆಗೆದರೂ ಕಾಣದ ದುಡ್ಡು ಕೂತಲ್ಲಿಗೇ ಬಂತು, ಮಗಳ ಮದುವೆಯೂ ಅದರಲ್ಲೇ ಆಯಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಟ್ಟಡಗಳು ಅಕ್ರಮ ಎಂದಿತು, ಮಾರ್ಚಿನಲ್ಲಿ ಜೆಸಿಬಿಗಳು ಬಂದವು. ಹಿಂದೆಯೇ ಕೊರೊನಾ ಲಾಕ್‌ಡೌನ್.

"ಕಟ್ಟುವಾಗ ಒಬ್ಬರೂ ಬರಲಿಲ್ಲ ತಮ್ಮಾ, ಕೆಡವಲು ಎಲ್ಲರೂ ಬಂದರು" ಎಂದು ಆ ಅಣ್ಣ ಹೇಳುತ್ತಾನೆ. ನೋಟಿಸುಗಳು ಬಂದಿದ್ದ ಸಂಗತಿಯನ್ನು ಮಾತ್ರ ಹೇಳುವುದಿಲ್ಲ. ಆದರೂ ಅವನ ಮಾತಿನಲ್ಲಿ ಹುರುಳಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಕೋಟೆಗಳ ನಾಡಿನಲ್ಲಿ ಸುಮ್ಮನೆ ಹುಟ್ಟಿರಲಾರದು. ಕಾನೂನು ತಪ್ಪು ಎನ್ನಲಾರೆ. ಬಂಡೆ, ನದಿ, ಗದ್ದೆ ಮೂರೂ ಸೇರಿದರೇ ಹಂಪಿ. ಹೋಟೆಲುಗಳ ನಡುವೆ ನಿಂತ ಗುಡಿ ಹಂಪಿಯಾಗುವುದಿಲ್ಲ. ನನ್ನ ತಕರಾರು ತಡದ ಬಗ್ಗೆ. ತಡವಾಗಿ ಬಂದ ನಿಯಮ ಲೀಸಿಗೆ ಪಡೆದವನಿಗೆ ಅಷ್ಟಾಗಿ ತಾಗುವುದಿಲ್ಲ. ಅವನು ಮುಂದಿನ ಊರಿಗೆ ಹೋಗುತ್ತಾನೆ. ಪೆಟ್ಟು ಬೀಳುವುದು ತಟ್ಟೆ ತೊಳೆಯುತ್ತಿದ್ದ ಹುಡುಗನಿಗೆ, ಮಣ್ಣಿನ ಯಜಮಾನನಿಗೆ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಿಂದ ಎಬ್ಬಿಸಿದ ಕುಟುಂಬಗಳನ್ನು ಕೇಳಿ ನೋಡಿ.

ಈಗ ಆ ಹೋಟೆಲುಗಳೆಲ್ಲ ಸಾಣಾಪುರದ ಕಡೆ ಹೊರಳಿವೆ. ಪಕ್ಕದಲ್ಲಿ, ಹನುಮ ಹುಟ್ಟಿದ ಬೆಟ್ಟವೆಂದು ನಮ್ಮವರು ನಂಬುವ ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರ ಸಂಖ್ಯೆ ಏರುತ್ತಲೇ ಇದೆ. ಹನುಮ ಹುಟ್ಟಿದ್ದು ತಮ್ಮಲ್ಲಿ ಎಂದು 2021ರಲ್ಲಿ ತಿರುಮಲದವರು ಹೇಳಿದ ಮೇಲಂತೂ ನಮ್ಮವರ ಭಕ್ತಿ ಇಮ್ಮಡಿಸಿತು! ಬೆಟ್ಟದ ಬುಡದ ರಸ್ತೆಯಲ್ಲಿ ಶನಿವಾರ ಕಾರು ನಿಲ್ಲಿಸಲು ಜಾಗ ಹುಡುಕುತ್ತ ನಾನು ಮುಕ್ಕಾಲು ಗಂಟೆ ಕಳೆದಿದ್ದೇನೆ. ಇಪ್ಪತ್ತು ವರ್ಷದ ಹಿಂದೆ ಗಡ್ಡಿಯಲ್ಲಿ ಕಂಡದ್ದೇ ಇಲ್ಲಿಯೂ ಕಾಣುತ್ತಿದೆ: ಮೊದಲು ಶೆಡ್ಡು, ಆಮೇಲೆ ಕಂಬ, ಆಮೇಲೆ ಮೇಲ್ಮಾಳಿಗೆ.

ಊಟದ ಸಾಲಿನಲ್ಲಿ ಕೇಳಿದವರಿಗೆ ನಾನು ಕೊಟ್ಟ ಉತ್ತರ ಇಷ್ಟು: ಆನೆಗೊಂದಿಯ ಊರೊಳಗಿನ ಮನೆಗಳಲ್ಲಿ ಉಳಿಯಿರಿ, ಒಂದು ಬೆಳಿಗ್ಗೆ ಹಿರೇಬೆಣಕಲ್ಲಿನ ಮೋರ್ಯರ ಬೆಟ್ಟ ಹತ್ತಿ. ಕಲ್ಲು ಚಪ್ಪಡಿಗಳ ಆ ಶಿಲಾಸಮಾಧಿಗಳು ವಿಜಯನಗರಕ್ಕಿಂತ ಸಾವಿರಾರು ವರ್ಷ ಹಳೆಯವು. 2021ರಲ್ಲಿ ಅವೂ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ಅಳುಕಾಯಿತು. ನಮ್ಮ ಸುದ್ದಿಪತ್ರ ಓದಿ ಬಸ್ಸುಗಟ್ಟಲೆ ಜನವೇನೂ ಹೋಗಲಾರರು ಎಂದು ಸಮಾಧಾನ ಮಾಡಿಕೊಂಡೆ.

ಅಣ್ಣ ಗಡ್ಡಿಯ ಹೊಲದಲ್ಲಿ ಮತ್ತೆ ಭತ್ತ ಹಚ್ಚುತ್ತಿದ್ದಾನೆ. ಉಳುವಾಗ ಇಂದಿಗೂ ಟೈಲ್ಸಿನ ಚೂರುಗಳು ಏಳುತ್ತವೆ, ಮೊಮ್ಮಗ ನೀಲಿಯವನ್ನು ಆರಿಸಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ. ಹೋದ ವಾರ ಫೋನು ಮಾಡಿದ್ದ. ಸಾಣಾಪುರದ ಹತ್ತಿರ ಅವನಿಗೆ ಇನ್ನೊಂದು ತುಂಡು ಭೂಮಿಯಿದೆ, ಅದನ್ನು ಲೀಸಿಗೆ ಕೇಳಿಕೊಂಡು ಯಾರೋ ಬಂದಿದ್ದರಂತೆ. ಕೊಡಲೋ ಬೇಡವೋ ಎಂದು ಕೇಳಿದ. ಸರ್ವೆ ನಂಬರು ಹಂಪಿ ಪರಂಪರೆ ಪ್ರದೇಶವನ್ನು ನೋಡಿಕೊಳ್ಳುವ ಪ್ರಾಧಿಕಾರದ ನಕ್ಷೆಯಲ್ಲಿ ಯಾವ ವಲಯಕ್ಕೆ ಬರುತ್ತದೆ, ಮೊದಲು ಅದನ್ನು ನೋಡಿಸು ಎಂದೆ.

"ಆ ನಕ್ಷೆಯನ್ನು ಯಾರ ಹತ್ತಿರ ಕೇಳಬೇಕು ತಮ್ಮಾ?" ಎಂದ.