ಹೇಳಿದರೆ ಶಾಲೆ ಬಿಡಿಸುವುದಿಲ್ಲ ಮಗಳೇ

ಪ್ರೀತಿಯ ಮಗಳೇ,

ಎಂಟನೇ ಕ್ಲಾಸಿಗೆ ಬಂದಿದ್ದೀಯ. ಶಾಲೆಯಲ್ಲಿ ಯಾರೋ ಪೀಡಿಸುತ್ತಿದ್ದರೂ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲಿ ಬಾಯಿಬಿಡುವುದಿಲ್ಲ. ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ, ಟ್ಯೂಷನ್ ಬಿಡಿಸುತ್ತಾರೆ, ‘ನೀನೇನು ಮಾಡಿದ್ದೆ?’ ಅಂತ ನಿನ್ನನ್ನೇ ಕೇಳುತ್ತಾರೆ ಎನ್ನುವ ಭಯ. ಅದಕ್ಕೇ ಮೊದಲು ಮಾತು ಕೊಟ್ಟುಬಿಡುತ್ತೇನೆ. ಏನೇ ಹೇಳಿದರೂ ನಿನ್ನ ಫೋನ್ ನಿನ್ನದೇ, ಶಾಲೆ ನಿನ್ನದೇ. ನಿನ್ನನ್ನು ಕೇಳದೆ ಯಾರ ಮನೆಗೂ ಜಗಳಕ್ಕೆ ಹೋಗುವುದಿಲ್ಲ.

ತಮಾಷೆಗೂ ಪೀಡನೆಗೂ ವ್ಯತ್ಯಾಸ ಗೊತ್ತಾಗುವುದು ಹೇಗೆ? ನಾರ್ವೆಯಲ್ಲಿ ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಮೂರು ಗುರುತು ಹೇಳಿದರು: ನೋಯಿಸಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ತಿರುಗಿಬೀಳಲಾಗದವರ ಮೇಲೆ ಮಾಡುವುದು. ಗೆಳತಿಯರಿಬ್ಬರು ‘ಡುಮ್ಮಿ’, ‘ಕಡ್ಡಿ’ ಅಂತ ಕರೆದುಕೊಂಡು ಇಬ್ಬರೂ ನಕ್ಕರೆ ಅದು ಸಲಿಗೆ. ಐದು ಜನ ಸೇರಿ ಒಬ್ಬಳನ್ನು ದಿನಾ ‘ಕರಿ’ ಅಂದು, ಅವಳು ‘ಬೇಡ’ ಅಂದ ಮೇಲೂ ಬಿಡದಿದ್ದರೆ ಅದು ಪೀಡನೆ. ಹೊಡೆತಕ್ಕಾದರೂ ಗಾಯ ಉಳಿಯುತ್ತದೆ. ಹುಡುಗಿಯರ ನಡುವಿನ ಪೀಡನೆ ಹಲವು ಸಲ ಸದ್ದೇ ಮಾಡುವುದಿಲ್ಲ. ಊಟಕ್ಕೆ ಕುಳಿತಾಗ ಡಬ್ಬಿ ಎತ್ತಿಕೊಂಡು ದೂರ ಸರಿಯುವುದು, ‘ನೀವು ಯಾವ ಜನ?’ ಅಂತ ಕೇಳಿ ಆಮೇಲೆ ನೀರಿನ ಬಾಟಲಿ ಹಂಚಿಕೊಳ್ಳದಿರುವುದು, ಕ್ಲಾಸಿನ ವಾಟ್ಸಾಪ್ ಗುಂಪು ಬಿಟ್ಟು ಒಬ್ಬಳನ್ನು ಹೊರಗಿಟ್ಟ ಇನ್ನೊಂದು ಗುಂಪು ಮಾಡುವುದು. ಲೈಂಗಿಕ ಕಿರುಕುಳಕ್ಕೆ ಮಾತ್ರ ಮೂರು ಗುರುತಿಗಾಗಿ ಕಾಯಬೇಡ. ಅದು ಒಂದೇ ಸಲ ಆದರೂ ಬಂದು ಹೇಳು.

ಆ ಗಳಿಗೆಯಲ್ಲಿ ಚುರುಕಾದ ಉತ್ತರ ಹೊಳೆಯದಿದ್ದರೆ ಬೇಸರಿಸಬೇಡ. ‘ಇದು ನನಗೆ ಇಷ್ಟವಿಲ್ಲ, ನಿಲ್ಲಿಸು’ ಅಂತ ಒಮ್ಮೆ ಹೇಳಿ, ಜನ ಇರುವ ಕಡೆಗೆ ನಡೆ. ಅಳು ಬಂದರೆ ಬರಲಿ. ಅವರು ನಾಲ್ಕೈದು ಜನರಿದ್ದರೆ ಅಷ್ಟೂ ಹೇಳಬೇಕಾಗಿಲ್ಲ, ಸುಮ್ಮನೆ ಹೊರಟುಬಿಡು.

ಸಂಜೆ ಮನೆಗೆ ಬಂದು ಬರೆದಿಡು. ರಫ್ ನೋಟ್‌ಬುಕ್ಕಿನಲ್ಲಿ ಬೇಡ, ಅದು ಕ್ಲಾಸಿನಲ್ಲಿ ಎಲ್ಲರ ಕೈಗೂ ಹೋಗುತ್ತದೆ. ನಿನ್ನ ಮೇಜಿನ ಖಾನೆಯಲ್ಲಿ ನೀಲಿ ರಟ್ಟಿನ ನೋಟ್‌ಬುಕ್ ಇಟ್ಟಿದ್ದೇನೆ. ‘ತುಂಬಾ ಹಿಂಸೆ ಕೊಡುತ್ತಾರೆ’ ಅಂತ ಬರೆದರೆ ಶಾಲೆಯವರು ‘ಮಕ್ಕಳಲ್ಲವೇ’ ಅಂದುಬಿಡುತ್ತಾರೆ. ಹೀಗೆ ಬರೆ: ‘ಮಂಗಳವಾರ, ಮೂರನೇ ಪೀರಿಯಡ್ ಮುಗಿದ ಮೇಲೆ, ಮೆಟ್ಟಿಲ ಹತ್ತಿರ. ಬ್ಯಾಗ್ ಎಳೆದರು, ಜಿಪ್ ಕಿತ್ತುಹೋಯಿತು. ಅಂದ ಮಾತು ಇದು. ಪಕ್ಕದಲ್ಲಿದ್ದವರು ಇಬ್ಬರು.’ ಅಂದ ಮಾತು ಕೆಟ್ಟದಾಗಿದ್ದರೂ ಅದನ್ನೇ ಬರೆ, ತಿದ್ದಬೇಡ. ಇಂಥ ನಾಲ್ಕು ದಿನದ ಬರಹ ಒಟ್ಟಿಗಿದ್ದರೆ ಅದನ್ನು ತಮಾಷೆ ಅಂತ ತಳ್ಳಿಹಾಕುವುದು ಕಷ್ಟ.

ಫೋನಿನಲ್ಲಿ ಬಂದದ್ದಾದರೆ ಕ್ರಮ ಮುಖ್ಯ. ಮೊದಲು ಹೆಸರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್, ಆಮೇಲೆ ರಿಪೋರ್ಟ್, ಕೊನೆಗೆ ಬ್ಲಾಕ್. ಸಿಟ್ಟಿನಲ್ಲಿ ಮೊದಲೇ ಅಳಿಸಿದರೆ ಸಾಕ್ಷಿ ನಮ್ಮ ಕೈಯಿಂದಲೇ ಹೋಗುತ್ತದೆ. ವಾಟ್ಸಾಪಿನಲ್ಲಿ ಕಳಿಸಿದವರು ಎರಡು ದಿನವಾದ ಮೇಲೂ ಎಲ್ಲರ ಫೋನಿನಿಂದ ಅಳಿಸಬಹುದು, ಆದ್ದರಿಂದ ತಡ ಮಾಡಬೇಡ. ಸ್ನ್ಯಾಪ್‌ಚಾಟಿನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಕಳಿಸಿದವರಿಗೆ ಸೂಚನೆ ಹೋಗುತ್ತದೆ. ನನ್ನ ಫೋನಿನಿಂದ ಪರದೆಯ ಫೋಟೋ ತೆಗೆ.

ಒಂದು ವಿಷಯ ಬೇರೆ. ಯಾರದಾದರೂ ಬಟ್ಟೆಯಿಲ್ಲದ ಚಿತ್ರ ಬಂದರೆ, ಅದು ತಿದ್ದಿದ ಚಿತ್ರವೇ ಆದರೂ, ಸಾಕ್ಷಿಗೆಂದು ಕೂಡ ಯಾರಿಗೂ ಕಳಿಸಬೇಡ, ನನಗೂ. ಹದಿನೆಂಟು ತುಂಬದವರ ಅಂಥ ಚಿತ್ರವನ್ನು ಹಂಚುವುದು ಅಪರಾಧ. ಖಾತೆಯ ಹೆಸರು, ಲಿಂಕ್, ಬಂದ ಸಮಯ ಬರೆದುಕೊಂಡು ಫೋನನ್ನೇ ನನ್ನ ಕೈಗೆ ಕೊಡು. ಅದು ನಿನ್ನದೇ ಚಿತ್ರವಾದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಅದು ಚಿತ್ರದ ಡಿಜಿಟಲ್ ಬೆರಳಚ್ಚನ್ನು, ಅಂದರೆ ಆ ಚಿತ್ರವನ್ನು ಗುರುತಿಸುವ ಸಂಕೇತವನ್ನು, ನಮ್ಮ ಫೋನಿನಲ್ಲೇ ಮಾಡಿಕೊಳ್ಳುತ್ತದೆ, ಚಿತ್ರ ಫೋನು ಬಿಟ್ಟು ಹೋಗುವುದಿಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥವು ಆ ಬೆರಳಚ್ಚು ಹಿಡಿದು ಹುಡುಕಿ ತೆಗೆಯುತ್ತವೆ. ವಾಟ್ಸಾಪಿನೊಳಗೆ ಹರಿದಾಡುವುದನ್ನು ಅದು ಹಿಡಿಯಲಾರದು. ಅದಕ್ಕೆ ಸೈಬರ್ ಠಾಣೆಗೇ ಹೋಗಬೇಕು. ಹೋಗೋಣ.

ಶಾಲೆಗೆ ದೂರು ಕೊಡುವಾಗ ಬಾಯಿಮಾತು ಸಾಲದು. ಮುಖ್ಯಶಿಕ್ಷಕರ ಹೆಸರಿಗೆ ಎರಡು ಪ್ರತಿ ಬರೆದು, ಒಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳುತ್ತೇನೆ. ಏನು ಕ್ರಮ, ಯಾವ ದಿನದೊಳಗೆ ಅಂತ ಬರಹದಲ್ಲೇ ಕೇಳುತ್ತೇನೆ. ಅಲ್ಲಿ ಕದಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅದಕ್ಕೂ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಒಂದಕ್ಕೆ ಮಾತ್ರ ಒಪ್ಪುವುದಿಲ್ಲ: ಇಬ್ಬರನ್ನೂ ಎದುರುಬದುರು ನಿಲ್ಲಿಸಿ ‘ಸಾರಿ’ ಹೇಳಿಸಿ, ಕೈ ಕುಲುಕಿಸಿ ಕಳಿಸುವುದು. ಸಮಬಲದವರ ಜಗಳಕ್ಕೆ ರಾಜಿ ಸರಿ. ಪೀಡನೆಯಲ್ಲಿ ಆ ರಾಜಿಯ ಬಡ್ಡಿ ತೀರಿಸುವವಳು ಮರುದಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬಳೇ ಸಿಕ್ಕಿದ ಹುಡುಗಿ.

ಪೀಡಿಸುವವರು ಮೇಷ್ಟ್ರೇ ಆದರೂ ಹೇಳು. ಹೊಡೆಯುವುದು, ಮಾನಸಿಕವಾಗಿ ಹಿಂಸಿಸುವುದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮೈ ಮುಟ್ಟುವುದು, ಬಿಡದೆ ಹಿಂಬಾಲಿಸುವುದು, ಅಶ್ಲೀಲ ಸನ್ನೆ, ಚಿತ್ರ ತೋರಿಸುವುದು ಲೈಂಗಿಕ ಉದ್ದೇಶದಿಂದಾದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಗೊತ್ತಾದ ಮೇಲೆ ಶಾಲೆ ಪೊಲೀಸರಿಗೆ ತಿಳಿಸಲೇಬೇಕು, ‘ನಮ್ಮಲ್ಲೇ ಬಗೆಹರಿಸೋಣ’ ಎನ್ನುವಂತಿಲ್ಲ. ನಿನ್ನ ಹೇಳಿಕೆಯನ್ನು ಪೊಲೀಸರು ನಮ್ಮ ಮನೆಯಲ್ಲೇ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ. ನಿನ್ನ ಹೆಸರು, ಶಾಲೆ ಪತ್ರಿಕೆಯಲ್ಲಿ ಬರುವಂತಿಲ್ಲ. ನಾನು ಊರಲ್ಲಿಲ್ಲದಾಗ 1098ಕ್ಕೆ ಫೋನ್ ಮಾಡು. ಹಗಲು ರಾತ್ರಿ ಇರುವ ಮಕ್ಕಳ ಸಹಾಯವಾಣಿ, ದುಡ್ಡು ಬೇಕಿಲ್ಲ.

ಬೇರೆಯವಳಿಗೆ ಆಗುತ್ತಿರುವುದನ್ನು ಕಂಡರೆ ಎದುರು ಹೋಗಿ ಜಗಳಾಡಬೇಕಿಲ್ಲ. ‘ಬಾರೇ, ಊಟಕ್ಕೆ ಹೋಗೋಣ’ ಅಂತ ಅವಳನ್ನು ಅಲ್ಲಿಂದ ಕರೆದುಕೊಂಡು ಬಾ. ನೀನೂ ಅವರ ಜೊತೆ ನಕ್ಕಿದ್ದರೆ, ಅದನ್ನೂ ನನಗೆ ಹೇಳಬಹುದು.

ಬಾಯಿಂದ ಮಾತೇ ಹೊರಡದ ದಿನ ಆ ನೀಲಿ ನೋಟ್‌ಬುಕ್ಕನ್ನು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟುಬಿಡು. ಖಾನೆಯೊಳಗಿದ್ದಾಗ ನಾನು ಮುಟ್ಟುವುದಿಲ್ಲ. ಕಟ್ಟೆಯ ಮೇಲಿದ್ದರೆ ಓದಿಕೊಂಡು, ಒಲೆ ಆರಿಸಿ, ನಿನ್ನ ಕೋಣೆಗೆ ಬರುತ್ತೇನೆ.

ನಿನ್ನ
ಅಮ್ಮ